ಎಂಟು ವರ್ಷದ ಹುಡುಗಿ ನಡೆಸೋ ಕೂಸಿನ ಮನೆ

1/8

ಈ ಫೋಟೊದಾಗ ಮುಖ ಇಲ್ಲ. ಬೇಕಂತಲೇ ಹಾಗೆ ತೆಗೆದದ್ದು. ಬೇವಿನ ಗಿಡ, ಟೊಂಗೆಗೆ ಕಟ್ಟಿದ ಹಳೇ ಸೀರೆಯ ಜೋಳಿಗೆ, ಅದನ್ನು ತೂಗುವ ಒಂದು ಕೈ, ಕೈಯಲ್ಲಿ ಎರಡು ಪ್ಲಾಸ್ಟಿಕ್ ಬಳೆ. ಇಷ್ಟೇ.

ಆ ಕೈ ತಾಯಿಯದಲ್ಲ. ತಾಯಿ ಹೊಲದ ಆ ತುದಿಯಲ್ಲಿ ಜೋಳ ಕೀಳುತ್ತಿದ್ದಳು. ಫೆಬ್ರುವರಿ ಕೊನೆ, ಹೊತ್ತು ಹನ್ನೊಂದು. ಶಾಲೆ ಇದ್ದ ದಿನ. "ಯಾಕವ್ವಾ, ಸಾಲಿಗೆ ಹೋಗಿಲ್ಲ?" ಅಂದೆ. ಮೂರನೇ ತರಗತಿ ಹುಡುಗಿ ನನ್ನನ್ನೇ ದಡ್ಡನ ಹಾಗೆ ನೋಡಿ ಕೇಳಿದಳು: "ಮತ್ತ ತಮ್ಮನ್ನ ಯಾರ್ ಹಿಡ್ಕೋಬೇಕ್ರಿ?"

ಕೂಸಿಗೆ ಹತ್ತು ತಿಂಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಟೊ ತೆಗೆದುಕೊಂಡು ಬಂದೆ, ನಾಲ್ಕು ತಿಂಗಳು ಫೋನಿನಲ್ಲೇ ಇಟ್ಟುಕೊಂಡಿದ್ದೆ.

ತಾಂಬಾ ಸುತ್ತಮುತ್ತ ದುಡಿಯೋ ತಾಯಂದಿರ ಕೂಸು ನೋಡಿಕೊಳ್ಳೋಕೆ ವ್ಯವಸ್ಥೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದೆ. ಬೇಕಾದಷ್ಟಿದೆ. ಅದಕ್ಕೆ ಕಟ್ಟಡ ಬೇಡ, ಬಜೆಟ್ ಬೇಡ, ಉದ್ಘಾಟನೆಗೆ ಶಾಸಕರು ಬೇಡ. ನಡೆಸುವವಳಿಗೆ ಪಗಾರ ಇಲ್ಲ, ಯಾಕೆಂದರೆ ಅವಳಿಗೆ ಎಂಟು ವರ್ಷ.

2/8

ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡೀತಾ ಈ ಮಾತು ತೆಗೆದೆ. ಪಕ್ಕದಲ್ಲಿ ಕೂತವರು ಹಿರಿಯರು, ನಾನು ಕಾಕಾ ಅಂತ ಕರೆಯೋರು, ಒಳ್ಳೇ ಮನುಷ್ಯ. ಅವರು ಅಂದದ್ದು: "ಹಡಿಯೋರು ಇವರು, ಸಾಕೋದು ಸರ್ಕಾರೇನು? ಎಲ್ಲಾ ಬಿಟ್ಟಿ ಆತು ನೋಡಪಾ ಈಗ."

ಕಾಕಾ ಒಬ್ಬರೇ ಅಲ್ಲ, ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನರ ಮನಸ್ಸಿನಲ್ಲಿ ಅದೇ ಇದೆ. ಇರಲಿ. ಆದರೆ ಒಂದು ಲೆಕ್ಕ ನೋಡಿ.

ನಮ್ಮ ರಾಜ್ಯದ ಸರ್ಕಾರಿ ನೌಕರಳಿಗೆ ಹೆರಿಗೆ ರಜೆ 180 ದಿನ, ಪೂರ್ಣ ಸಂಬಳದ ಜೊತೆ. 2021ರಿಂದ ಮಕ್ಕಳ ಆರೈಕೆಗೆ ಅಂತ ಇನ್ನೂ 180 ದಿನ ಸಿಗುತ್ತೆ. ಖಾಸಗಿ ಕಂಪನಿಯಲ್ಲಿ ಕಾಯಂ ಇರುವವಳಿಗೆ 2017ರ ತಿದ್ದುಪಡಿ ಪ್ರಕಾರ 26 ವಾರ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತಲೂ ಅದೇ ಕಾನೂನು ಹೇಳಿತು. ನಾನು ಇದರ ವಿರುದ್ಧ ಇಲ್ಲ, ಸಿಗಲೇಬೇಕು. ನನ್ನ ಪ್ರಶ್ನೆ ಬೇರೆ: ಅವರದನ್ನು ಯಾರೂ ಬಿಟ್ಟಿ ಅನ್ನಲ್ಲ. ಅದಕ್ಕೆ "ಹಕ್ಕು" ಅಂತೀವಿ. ಜೋಳ ಕೀಳೋ ಹೆಣ್ಣುಮಗಳು ಕೇಳಿದಾಗ ಮಾತ್ರ ಅದು ಬಿಟ್ಟಿ ಹೇಗಾಯ್ತು?

ಬಸವಣ್ಣನ ಊರು ಇದೇ ಜಿಲ್ಲೆಯಲ್ಲಿದೆ. ಕಾಯಕ ಅಂತ ಭಾಷಣ ಶುರುವಾದರೆ ನಮಗೆ ನಿಲ್ಲಿಸೋಕೆ ಬರಲ್ಲ. ಕೂಸಿನ ಮುಕಳಿ ತೊಳೆಯೋದು, ಅಂಬಲಿ ಕುಡಿಸೋದು, ಮಲಗಿಸೋದು ನಮ್ಮ ಕಾಯಕದ ಪಟ್ಟಿಯಲ್ಲಿ ಎಂದಾದರೂ ಬಂದಿದೆಯೇ? ಗಂಡಸರನ್ನೇ ಕೇಳುತ್ತಿದ್ದೇನೆ, ನನ್ನನ್ನೂ ಸೇರಿಸಿ.

3/8

ಇದು ಆಸ್ಪತ್ರೆಯೊಂದರ ಗೋಡೆ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಎದೆಹಾಲು ಮಾತ್ರ, ನೀರೂ ಬೇಡ ಅಂತ ಬಣ್ಣದಲ್ಲಿ ಬರೆದಿದೆ. ಮಾತು ನೂರಕ್ಕೆ ನೂರು ಸರಿ.

ಈಗ ಆ ಆರು ತಿಂಗಳು ಮನೆಯಲ್ಲಿ ಕೂರೋದಕ್ಕೆ ಸರ್ಕಾರ ಏನು ಕೊಡುತ್ತೆ? ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ರೂಪಾಯಿ, ಅದೂ ಕಂತಿನಲ್ಲಿ. ಎರಡನೇದು ಹೆಣ್ಣಾದರೆ 6,000. ಎರಡನೇದು ಗಂಡಾದರೆ ಏನೂ ಇಲ್ಲ. ಫೋಟೊದಲ್ಲಿನ ಜೋಳಿಗೆಯ ಕೂಸು ಗಂಡು, ಎರಡನೇದು.

ಉದ್ಯೋಗ ಖಾತ್ರಿ ಕೂಲಿ 2025ರ ಏಪ್ರಿಲ್‌ನಿಂದ ದಿನಕ್ಕೆ 370 ಇತ್ತು. ಐದು ಸಾವಿರವನ್ನು 370ರಿಂದ ಭಾಗಿಸಿ. ಹದಿಮೂರೂವರೆ ದಿನ. ಗೋಡೆ ಹೇಳೋದು ಆರು ತಿಂಗಳು, ಖಾತೆಗೆ ಬೀಳೋದು ಹದಿಮೂರೂವರೆ ದಿನದ ಕೂಲಿ. ಉಳಿದ ಐದೂವರೆ ತಿಂಗಳು ಎದೆಹಾಲು ಎಲ್ಲಿಂದ ಬರಬೇಕು? ತಾಯಿ ಹೊಲದಲ್ಲಿ, ಕೂಸು ಮನೆಯಲ್ಲಿ. ಒಬ್ಬಾಕೆ ನನಗೆ ಹೇಳಿದ್ದು, ಮಧ್ಯಾಹ್ನ ಆಗೋದರೊಳಗೆ ಎದೆ ಕಟ್ಟಿ ಕಲ್ಲಾಗುತ್ತೆ, ಗಿಡದ ಮರೆಗೆ ಹೋಗಿ ಹಿಂಡಿ ಚೆಲ್ಲಿ ಬಂದು ಮತ್ತೆ ಸಾಲು ಹಿಡೀಬೇಕು ಅಂತ. ಇದನ್ನು ಹೇಳುವಾಗ ಆಕೆ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ತಮಾಷೆ ಏನು ಗೊತ್ತಾ? 2013ರ ಆಹಾರ ಭದ್ರತಾ ಕಾಯ್ದೆಯ 4ನೇ ಕಲಮಿನಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕಡಿಮೆ ಅಂದ್ರೂ 6,000 ರೂಪಾಯಿ ಕೊಡಬೇಕು ಅಂತ ಬರೆದಿದೆ. ಬೇರೆ ಕಡೆ ಇಂಥದ್ದೇ ಸೌಲಭ್ಯ ಇರುವ ಸರ್ಕಾರಿ ನೌಕರರಂಥವರನ್ನು ಬಿಟ್ಟು. ಮೊದಲ ಹೆರಿಗೆ, ಎರಡನೇ ಹೆರಿಗೆ, ಗಂಡು, ಹೆಣ್ಣು ಅನ್ನೋ ಭೇದ ಆ ಕಲಮಿನಲ್ಲಿ ಇಲ್ಲ. ಭೇದ ಬಂದದ್ದು ಯೋಜನೆ ಮಾಡುವಾಗ. ಮತ್ತೆ 2013ರ 6,000 ಅಂದರೆ 2025ರ 6,000 ಅಲ್ಲ, ಕಿರಾಣಿ ಅಂಗಡಿಗೆ ಹೋಗಿ ಬಂದವರಿಗೆಲ್ಲ ಗೊತ್ತು.

4/8

ಈ ಚೀಲ ನೆನಪಿದೆಯೇ? ನಮ್ಮ ಮನೆಯ ಅಟ್ಟದ ಮೇಲೆ ಸಿಕ್ಕಿತು. ಮಡಿಲು.

2007ರಲ್ಲಿ ಕರ್ನಾಟಕದಲ್ಲಿ ಶುರುವಾದ ಯೋಜನೆ. ಬಿಪಿಎಲ್ ಮನೆಯ ಹೆಣ್ಣುಮಕ್ಕಳು ಸರ್ಕಾರಿ ಆಸ್ಪತ್ರೆಯಲ್ಲಿ ಹಡೆದರೆ 19 ಸಾಮಾನಿನ ಒಂದು ಕಿಟ್. ಸೊಳ್ಳೆ ಪರದೆ, ಹೊದಿಕೆ, ಸಾಬೂನು, ಕೂಸಿನ ಹಾಸಿಗೆ, ಸ್ವೆಟರ್, ಕುಲಾಯಿ. ದೊಡ್ಡ ಬೆಲೆಯದ್ದಲ್ಲ. ಆದರೆ ಆ ಪರದೆಯಲ್ಲಿ ನಮ್ಮ ಓಣಿಯಲ್ಲಿ ಒಂದರ ಮೇಲೊಂದು ಮೂರು ಮನೆಯ ಕೂಸು ಮಲಗಿವೆ. ಒಬ್ಬರದ್ದು ಮುಗಿದ ಮೇಲೆ ತೊಳೆದು ಇನ್ನೊಬ್ಬರಿಗೆ.

ಆಮೇಲೆ ಕಿಟ್ ಬರೋದು ಕುಂಟಿತು, ನಿಂತೂ ಹೋಯಿತು. 2015ರಲ್ಲಿ ತಮಿಳುನಾಡು ಅಮ್ಮ ಹೆಸರಿನಲ್ಲಿ 16 ಸಾಮಾನಿನ ಕಿಟ್ ತಂದಿತು. 2017ರಲ್ಲಿ ತೆಲಂಗಾಣ ಕಿಟ್ ಜೊತೆ 12,000 ರೂಪಾಯಿ ಹಣ, ಹೆಣ್ಣು ಕೂಸಾದರೆ 13,000 ಅಂತ ಮಾಡಿತು. ನಾವು ಅವರಿಗಿಂತ ಎಂಟು ವರ್ಷ ಮೊದಲೇ ಮಾಡಿದ್ದವರು! ಫಿನ್‌ಲೆಂಡ್ ದೇಶದಲ್ಲಿ 1938ರಲ್ಲಿ ಬಡ ತಾಯಂದಿರಿಗೆ ಅಂತ ಕೂಸಿನ ಪೆಟ್ಟಿಗೆ ಶುರು ಮಾಡಿದರು. 1949ರಲ್ಲಿ ಬಡವ ಶ್ರೀಮಂತ ಅನ್ನದೆ ಎಲ್ಲಾ ತಾಯಂದಿರಿಗೂ ಕೊಟ್ಟರು. ಇವತ್ತಿಗೂ ನಡೆದಿದೆ. ಅಲ್ಲಿ ಅದನ್ನು ಇಸಕೊಳ್ಳೋಕೆ ಯಾರೂ ನಾಚಿಕೊಳ್ಳಲ್ಲ. ನಮ್ಮಲ್ಲಿ ಅದು "ಬಡವರ ಚೀಲ" ಆಯ್ತು, ಬಡವರ ಚೀಲ ನಿಂತರೆ ಕೇಳೋರಿಲ್ಲ.

ಇನ್ನೊಂದು. ಈಗ ಹಳ್ಳಿ ಅಂಗಡಿಯಲ್ಲೂ ಬಿಡಿ ಡೈಪರ್ ಸರ ಜೋತು ಬಿಟ್ಟಿರ್ತಾರೆ, ಶಾಂಪೂ ಪಾಕೀಟಿನ ಪಕ್ಕ. ಬಸ್ಸಿನಲ್ಲಿ ಹೋಗುವಾಗ, ಆಸ್ಪತ್ರೆಗೆ ಹೋಗುವಾಗ ಒಂದೊಂದು ಒಯ್ಯುತ್ತಾರೆ. ಉಳಿದ ದಿನ ಹಳೇ ಧೋತರದ ಅರಿವೆನೇ. ಆ ಡೈಪರ್ ಮೇಲೆ 2025ರ ಸೆಪ್ಟೆಂಬರ್ ತನಕ ಜಿಎಸ್‌ಟಿ 12% ಇತ್ತು. ಬಂಗಾರದ ಮೇಲೆ 3%. ಯಾರು ಕೂತು ಈ ಲೆಕ್ಕ ಹಾಕಿದರೋ, ಅವರ ಮನೆಯಲ್ಲಿ ಕೂಸಿನ ಅರಿವೆ ತೊಳೆಯುವವರು ಬೇರೆ ಯಾರೋ ಇರಬೇಕು.

5/8

ಅಂಗನವಾಡಿ. ಈ ಫೋಟೊದ ಟೀಚರ್ ಅನುಮತಿ ಕೊಟ್ಟಿದ್ದಾರೆ, ಆದರೂ ಬೆನ್ನು ಮಾತ್ರ.

ಅಂಗನವಾಡಿಯನ್ನು ಬೈದರೆ ನನಗೆ ಸಿಟ್ಟು ಬರುತ್ತೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾಯ್ತು, ನಮ್ಮ ರಾಜ್ಯದಲ್ಲಿ ಮೊದಲು ಮೈಸೂರು ಕಡೆಯ ತಿ. ನರಸೀಪುರದಲ್ಲಿ. 2025ರ ಗಾಂಧಿ ಜಯಂತಿಗೆ ಐವತ್ತು ವರ್ಷ. ಹಾಲು, ಮೊಟ್ಟೆ, ಚುಚ್ಚುಮದ್ದು, ತೂಕ, ಜೊತೆಗೆ ಚುನಾವಣೆ ಕೆಲಸ, ಸಮೀಕ್ಷೆ, ಮೊಬೈಲ್ ಆ್ಯಪ್. ಇಷ್ಟೆಲ್ಲ ಮಾಡೋ ಆ ಅಕ್ಕನಿಗೆ ಸಿಗೋದು ಸಂಬಳ ಅಲ್ಲ, "ಗೌರವಧನ". ಆ ಪದದಲ್ಲಿ ಗೌರವ ಎಷ್ಟಿದೆ, ಧನ ಎಷ್ಟಿದೆ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲಿಗೆ ಕೂತವರನ್ನು ಕೇಳಿ.

ಆದರೆ ಅಂಗನವಾಡಿಯಲ್ಲಿ ಕೂತು ಆಡೋದು, ಊಟ ಮಾಡೋದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಸಣ್ಣವರಿಗೆ ಪುಷ್ಟಿ ಪ್ಯಾಕೆಟ್ ಮನೆಗೆ. ಒಂದು ಕೂಸಿನ ಪೌಷ್ಟಿಕ ಆಹಾರಕ್ಕೆ ಕೇಂದ್ರ 2017ರಲ್ಲಿ ಗೊತ್ತು ಮಾಡಿದ ದರ ದಿನಕ್ಕೆ 8 ರೂಪಾಯಿ. ಎಂಟು. ತೀರಾ ತೂಕ ಕಡಿಮೆ ಇದ್ದರೆ 12.

ಪ್ಯಾಕೆಟ್ ಮನೆಗೆ ಬಂತು, ಸರಿ. ಅದನ್ನು ಕಲಸಿ, ಕುದಿಸಿ, ಆರಿಸಿ, ಬೆಳಿಗ್ಗೆ ಒಂದು ಸಲ ಮಧ್ಯಾಹ್ನ ಎರಡು ಸಲ ಕೂಸಿನ ಬಾಯಿಗೆ ಇಡೋರು ಯಾರು? ಆ ಕೈಗೆ ಯಾವ ಯೋಜನೆಯಲ್ಲೂ ಹಣ ಇಟ್ಟಿಲ್ಲ.

ಸಂವಿಧಾನದ 45ನೇ ವಿಧಿ ಆರು ವರ್ಷದೊಳಗಿನ ಎಲ್ಲಾ ಮಕ್ಕಳ ಆರೈಕೆ ಬಗ್ಗೆ ಹೇಳುತ್ತೆ. ಶಿಕ್ಷಣ ಹಕ್ಕು ಕಾಯ್ದೆ ಶಾಲೆ ಮುಂಚಿನ ತಯಾರಿ ಬಗ್ಗೆ ಮಾತಾಡುವಾಗ ಮೂರು ವರ್ಷದಿಂದ ಮೇಲೆ ಅನ್ನುತ್ತೆ. 2020ರ ಶಿಕ್ಷಣ ನೀತಿಯ ಹೊಸ ಲೆಕ್ಕವೂ ಮೂರರಿಂದಲೇ. ಹಡೆಯೋ ತನಕ ತಾಯಿ ಕಾರ್ಡ್, ಆಶಾ, ಆಂಬುಲೆನ್ಸ್. ಮೂರು ತುಂಬಿದ ಮೇಲೆ ಅಂಗನವಾಡಿ. ನಡುವಿನ ಎರಡೂವರೆ ವರ್ಷ ಕೂಸು ಯಾರ ಲೆಕ್ಕಕ್ಕೂ ಇಲ್ಲ. ಅಂಬೆಗಾಲಿಡೋದು, ಎದ್ದು ನಿಲ್ಲೋದು, ನೀರಿನ ಕೊಡ ಬೀಳಿಸೋದು, ಒಲೆ ಹತ್ತಿರ ಹೋಗೋದು, ಕಂಡದ್ದೆಲ್ಲ ಬಾಯಿಗೆ ಹಾಕೋದು, ಎಲ್ಲಾ ಆ ಎರಡೂವರೆ ವರ್ಷದಲ್ಲೇ.

6/8

ಅದಕ್ಕೇ 2023ರ ಬಜೆಟ್‌ನಲ್ಲಿ "ಕೂಸಿನ ಮನೆ" ಅಂತ ಕೇಳಿದಾಗ ನಾನು ನಿಜವಾಗಿ ಖುಷಿಪಟ್ಟವನು. 4,000 ಗ್ರಾಮ ಪಂಚಾಯ್ತಿಗಳಲ್ಲಿ, ಉದ್ಯೋಗ ಖಾತ್ರಿಗೆ ಹೋಗೋ ತಾಯಂದಿರ ಪುಟ್ಟ ಮಕ್ಕಳಿಗೆ. ಹೆಸರು ಇಟ್ಟವರಿಗೆ ನಮಸ್ಕಾರ. ಗೃಹಲಕ್ಷ್ಮಿಯ 2,000 ಎಷ್ಟು ಮುಖ್ಯವೋ ಇದು ಅಷ್ಟೇ ಮುಖ್ಯ, ನನ್ನ ಮಟ್ಟಿಗೆ ಅದಕ್ಕಿಂತ ಒಂದು ತೂಕ ಹೆಚ್ಚು. ಆದರೆ ಗೃಹಲಕ್ಷ್ಮಿ ಒಂದು ತಿಂಗಳು ತಡವಾದರೆ ಊರೆಲ್ಲಾ ಮಾತು. ಕೂಸಿನ ಮನೆ ಬೀಗ ಹಾಕಿದರೆ ಒಬ್ಬರೂ ಕೇಳಲ್ಲ, ಯಾಕಂದರೆ ಕೇಳಬೇಕಾದವರಿಗೆ ಇನ್ನೂ ಮಾತು ಬಂದಿಲ್ಲ.

ನಾನು ನೋಡಿದ್ದು ಒಂದು ಪಂಚಾಯ್ತಿಯದ್ದು, ಹೆಸರು ಬೇಡ. ಗೋಡೆಗೆ ಆನೆ, ಗಿಳಿ, ಅಆಇಈ. ಬಣ್ಣ ಚಂದ. ಒಳಗೆ ಆಟಿಕೆ ಪ್ಲಾಸ್ಟಿಕ್ ಕವರಿನಲ್ಲೇ ಇವೆ. ಮಕ್ಕಳು ಇಬ್ಬರು. ನೋಡಿಕೊಳ್ಳೋ ಅಕ್ಕ ನೆಲ ಒರೆಸುತ್ತಾ ಹೇಳಿದಳು: "ನಂದು ಇನ್ನ ಹನ್ನೊಂದು ದಿನ ಉಳದೈತ್ರಿ. ಆಮ್ಯಾಲ ಬ್ಯಾರೇಯವರು ಬರ್ತಾರ."

ಹನ್ನೊಂದು ದಿನ ಯಾಕೆ? ಆರೈಕೆ ಮಾಡುವವರ ಕೂಲಿಯನ್ನೂ ಉದ್ಯೋಗ ಖಾತ್ರಿಯಿಂದಲೇ ಕೊಡುವುದು. ಆಗ ಖಾತ್ರಿಯಲ್ಲಿ ಒಂದು ಮನೆಗೆ ವರ್ಷಕ್ಕೆ ನೂರು ದಿನ ಇತ್ತು. ನೂರು ಮುಗಿಯಿತು ಅಂದರೆ ಇನ್ನೊಬ್ಬಾಕೆ, ಅವಳದ್ದು ಮುಗಿದರೆ ಮತ್ತೊಬ್ಬಾಕೆ. ಕಾಲುವೆ ತೋಡೋಕೆ, ಬದು ಹಾಕೋಕೆ ಈ ಪಾಳಿ ನಡೆಯುತ್ತೆ. ಬದುವಿಗೆ ಯಾರ ಸಲಿಕೆ ಅನ್ನೋದು ಗೊತ್ತಾಗಲ್ಲ. ಕೂಸಿಗೆ ಗೊತ್ತಾಗುತ್ತೆ. ಒಂದು ವರ್ಷದ ಕೂಸು ಒಬ್ಬಾಕೆಯ ತೋಳಿಗೆ ಹೊಂದಿಕೊಳ್ಳೋಕೆ ಹದಿನೈದು ದಿನ ಅಳುತ್ತೆ. ಹೊಂದಿಕೊಂಡಿತು ಅನ್ನುವಾಗ ತೋಳು ಬದಲು. ಆ ಅಕ್ಕನಿಗಾದರೂ ಏನು? ತರಬೇತಿ ತಗೊಂಡು, ಕೂಸಿನ ಗುಣ ಕಲಿತು, ನೂರ ಒಂದನೇ ದಿನ ಮನೆಗೆ.

ಇನ್ನು ಹೊತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಹೆಣ್ಣಾಳು ಬಿಸಿಲು ಏರೋದಕ್ಕೆ ಮುಂಚೆ ಹೊಲ ಸೇರಬೇಕು. ದ್ರಾಕ್ಷಿ ಚಾಟ್ನಿ ಬಂದರೆ, ಲಿಂಬೆ ಹರಿಯೋದು ಬಂದರೆ ಟಂಟಂ ಬೆಳಿಗ್ಗೆ ಆರಕ್ಕೇ ಓಣಿಗೆ ಬಂದು ಹಾರ್ನ್ ಹೊಡೆಯುತ್ತೆ. ಕಚೇರಿ ಹೊತ್ತಿಗೆ ಬಾಗಿಲು ತೆಗೆಯೋ ಕೂಸಿನ ಮನೆ ಆಕೆಗೆ ಏನು ಉಪಯೋಗ? ಮತ್ತೆ ವರ್ಷದಲ್ಲಿ ಆಕೆ ಖಾತ್ರಿ ಕೆಲಸಕ್ಕೆ ಹೋಗೋದು ಕೆಲವೇ ದಿನ, ಉಳಿದದ್ದೆಲ್ಲ ಖಾಸಗಿ ಹೊಲ. ಕೂಸಿನ ಹಸಿವಿಗೆ ಜಾಬ್ ಕಾರ್ಡ್ ಇರಲ್ಲ.

ಇಷ್ಟು ದೋಷ ಹೇಳಿದೆ ಅಂತ "ನೋಡು, ಹೇಳಿದ್ದೆ ಅಲ್ಲಾ, ದಂಡ" ಅನ್ನಬೇಡಿ ಕಾಕಾ. ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ನೆಟ್ಟಗೆ ನಡೆಸಿ ಅನ್ನುತ್ತಿದ್ದೇನೆ.

7/8

ಇದು ದಸರಾ ಮುಗಿದ ಮೇಲಿನ ಫೋಟೊ, ಹೋದ ವರ್ಷದ್ದು. ಟ್ರ್ಯಾಕ್ಟರ್ ತುಂಬ ಪಾತ್ರೆ, ಕೌದಿ, ಕೋಳಿ, ಮೇಲೆ ಜನ. ಕಬ್ಬು ಕಡಿಯೋಕೆ ಸಾಂಗಲಿ, ಕೊಲ್ಲಾಪುರ ಕಡೆಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ತಾಂಡಾಗಳಲ್ಲಿ ಆಗ ಮುದುಕರು, ಬೀಗ ಮಾತ್ರ ಉಳಿಯುತ್ತವೆ.

ಅಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು "ಕೊಯ್ತಾ". ಒಂದು ಕುಡುಗೋಲಿನ ಲೆಕ್ಕ. ಮುಂಗಡ ಇಬ್ಬರದ್ದೂ ಸೇರಿಯೇ. ಹೆಂಡತಿ ಬಾಣಂತಿ ಅಂತ ಕೂತರೆ ಕೊಯ್ತಾ ಅರ್ಧ. ಹೀಗಾಗಿ ಕೂಸೂ ಟ್ರ್ಯಾಕ್ಟರ್ ಮೇಲೆ, ಅದನ್ನು ಹಿಡಿಯೋಕೆ ಅಕ್ಕನೂ ಟ್ರ್ಯಾಕ್ಟರ್ ಮೇಲೆ. ಇಲ್ಲಿಯ ಕೂಸಿನ ಮನೆ, ಇಲ್ಲಿಯ ಅಂಗನವಾಡಿ, ಇಲ್ಲಿಯ ಪುಷ್ಟಿ, ಯಾವುದೂ ಅವರ ಜೊತೆ ಗುಳೆ ಹೋಗಲ್ಲ.

ಕಟ್ಟಡ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾಕ್ಕೆ ಹೋದವರದ್ದು? 1996ರ ಕಾನೂನು ಹೇಳಿತ್ತು: 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯೋ ಕಟ್ಟಡದ ಜಾಗದಲ್ಲಿ ಮಕ್ಕಳಿಗೆ ಕೋಣೆ ಇರಬೇಕು. 49 ಇದ್ದರೆ? ಬೇಡ ಬಿಡಿ. ನಮ್ಮ ರಾಜ್ಯದ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ "ತಾಯಿ ಮಗು ಸಹಾಯ ಹಸ್ತ" ಅಂತ ಇದೆ, ನೋಂದಣಿ ಆದ ತಾಯಿಗೆ ಹೆರಿಗೆ ನಂತರ ಕೂಸಿಗೆ ಮೂರು ವರ್ಷ ಆಗೋ ತನಕ ವರ್ಷಕ್ಕೆ 6,000. ಕಾರ್ಡ್ ಇದ್ದೂ ಇದನ್ನು ಕೇಳದವರು ನಿಮ್ಮ ಓಣಿಯಲ್ಲೇ ಇರಬಹುದು, ಒಂದು ಮಾತು ಹೇಳಿ. ಇದು ಸರ್ಕಾರದ ದಾನವೂ ಅಲ್ಲ, ಕಟ್ಟಡ ಕಟ್ಟುವವರಿಂದ ವೆಚ್ಚದ ನೂರಕ್ಕೆ ಒಂದರಂತೆ ಸೆಸ್ ವಸೂಲಿ ಮಾಡಿದ್ದು, ಇವರ ಹೆಸರಲ್ಲೇ.

1969ರಲ್ಲಿ ದಿಲ್ಲಿಯ ರಾಜಘಾಟ್ ಹತ್ತಿರ ಗಾಂಧಿ ಶತಮಾನೋತ್ಸವಕ್ಕೆ ಕಟ್ಟಡ ಕಟ್ಟುತ್ತಿದ್ದಾಗ ಅಲ್ಲಿನ ಕೂಲಿಯವರ ಕೂಸುಗಳು ಧೂಳಿನಲ್ಲಿ ಬಿದ್ದಿದ್ದನ್ನು ಮೀರಾ ಮಹಾದೇವನ್ ಅನ್ನೋರು ಕಂಡರು. ಒಂದು ಡೇರೆ ಹಾಕಿ ಮಕ್ಕಳನ್ನು ಒಳಗೆ ಮಲಗಿಸಿದರು. ಮೊಬೈಲ್ ಕ್ರೆಶ್ ಅನ್ನೋ ಸಂಸ್ಥೆ ಹುಟ್ಟಿದ್ದು ಹಾಗೆ. ಕೆಲಸ ಎಲ್ಲಿಗೆ ಹೋಗುತ್ತೋ ಡೇರೆಯೂ ಅಲ್ಲಿಗೆ. ಐವತ್ತು ವರ್ಷ ದಾಟಿತು. ಕಬ್ಬಿನ ಗದ್ದೆಯ ಬದುವಿಗೆ ಆ ಡೇರೆ ಇನ್ನೂ ಬಂದಿಲ್ಲ. ಕಾರ್ಖಾನೆಯ ತೂಕದ ಯಂತ್ರ ಮಾತ್ರ ಬಂದಿದೆ.

8/8

ಹಾಗಾದರೆ ಏನು ಮಾಡಬೇಕು ಅಂತೀಯಾ ಅಂದರೆ, ಇಷ್ಟು.

ಕೂಸಿನ ಮನೆಯ ಅಕ್ಕನಿಗೆ ನೂರು ದಿನದ ಪಾಳಿ ಬಿಟ್ಟು ವರ್ಷವಿಡೀ ಕೆಲಸ, ತಿಂಗಳ ಸಂಬಳ. ಹಣ ಖಾತ್ರಿಯಿಂದ ಬರದಿದ್ದರೆ ರಾಜ್ಯ ಬೇರೆ ಕೊಡಲಿ. ಬಾಗಿಲು ತೆಗೆಯೋ ಹೊತ್ತನ್ನು ಊರಿನ ಹೆಣ್ಣಾಳುಗಳು ಹೇಳಲಿ, ಆರು ಅಂದರೆ ಆರು. ಜಾಬ್ ಕಾರ್ಡ್ ಕೇಳಬಾರದು. ಮಡಿಲು ಕಿಟ್ ವಾಪಸ್ ಬರಲಿ. ಕಬ್ಬಿನ ಕಾರ್ಖಾನೆ ಗೇಟಿಗೆ ಆಂಬುಲೆನ್ಸ್ ನಿಲ್ಲಿಸೋ ಹಾಗೆ ಗದ್ದೆ ಹತ್ತಿರ ಕೂಸಿನ ಡೇರೆ ನಿಲ್ಲಿಸಲಿ.

ಮೇಲಿನವರು ಕೇಳೋ ತನಕ ನಾವು ಸುಮ್ಮನೆ ಕೂರಬೇಕಾಗಿಲ್ಲ. ಎರಡು ಸಂಗತಿ ತಲೆಯಲ್ಲಿಟ್ಟುಕೊಳ್ಳಿ. ಖಾತ್ರಿ ಕಾನೂನಿನಲ್ಲೇ ಇದೆ: ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳೋಕೆ ಒಬ್ಬಾಕೆಯನ್ನು ಬಿಡಬೇಕು, ಆಕೆಗೆ ಉಳಿದವರಷ್ಟೇ ಕೂಲಿ. ಇಂಜಿನಿಯರ್ ಸಾಹೇಬರು ಬಂದಾಗ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರೋ ಬದಲು ಕರಕೊಂಡೇ ಬಂದು ಎಣಿಸಿ ತೋರಿಸಿ. ಇನ್ನೊಂದು, 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ಆದೇಶ: ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಕಡೆ ಜನ ಕೇಳಿದರೆ, ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ತಾಂಡಾದವರು, ತೋಟದ ವಸ್ತಿಯವರು ಇದನ್ನು ಬರೆದಿಟ್ಟುಕೊಳ್ಳಿ. ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ, ಸ್ವೀಕೃತಿ, ತಾರೀಖು.

ಗ್ರಾಮಸಭೆಯಲ್ಲಿ ಚರಂಡಿ, ಸಿ.ಸಿ. ರಸ್ತೆ, ಗುಡಿಯ ಸಮುದಾಯ ಭವನ ಮೊದಲು ಬರುತ್ತವೆ, ಆಮೇಲೆ ಎಲ್ಲರಿಗೂ ಊಟದ ಹೊತ್ತಾಗುತ್ತೆ. ಈ ಸಲ ಮೊದಲ ಮಾತು ಕೂಸಿನದ್ದಾಗಲಿ. ಸಭೆಗೆ ಹೆಂಗಸರೇ ಬರಬೇಕು ಅಂತ ಕಾಯಬೇಡಿ, ಅವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಅಪ್ಪಂದಿರು ಎದ್ದು ನಿಂತು ಕೇಳಿ.

ಈ ಕೊನೇ ಫೋಟೊ ಮೊನ್ನೆಯದ್ದು. ಶಾಲೆ ಶುರುವಾಗಿದೆ. ಸರ್‌ಗಳು ಮನೆ ಮನೆಗೆ ಬಂದು ಮಕ್ಕಳನ್ನು ಕಳಿಸಿ ಅಂತ ಹೇಳಿ ಹೋದರು. ಹುಡುಗಿಗೆ ನಾಲ್ಕನೇ ತರಗತಿ, ಹೊಸ ಪುಸ್ತಕ ಬಂದಿದೆ, ಬಾಗಿಲ ಹತ್ತಿರ ಇಟ್ಟಿದ್ದಾಳೆ. ತಮ್ಮನಿಗೆ ಈಗ ಹದಿನಾಲ್ಕು ತಿಂಗಳು, ಗೋಡೆ ಹಿಡಿದು ನಡೆಯುತ್ತಾನೆ. ಅವನು ಅಂಗನವಾಡಿ ಸೇರೋದು 2027ರ ಬೇಸಿಗೆ ಕಳೆದ ಮೇಲೆ. ಅಷ್ಟೊತ್ತಿಗೆ ಇವಳು ಐದನೇ ತರಗತಿ ಮುಗಿಸಿರಬೇಕು. "ನಾಳೆ ಸಾಲಿಗೆ ಹೋಗ್ತೀಯೇನವ್ವಾ?" ಅಂದೆ.

"ಅವ್ವಗ ಕೆಲಸ ಇರ್ಲಿಲ್ಲಂದ್ರ ಹೋಗ್ತೀನ್ರಿ."

ಗ್ರಾಮಸಭೆ ತಾರೀಖು ಗೊತ್ತಾದ ಕೂಡಲೇ ಸ್ಟೋರಿಯಲ್ಲಿ ಹಾಕುತ್ತೇನೆ. ಫೋನ್ ಇಲ್ಲದ ಅಕ್ಕಂದಿರಿಗೆ ಇದನ್ನು ಓದಿ ಹೇಳಿ.

#ಕೂಸಿನಮನೆ #ತಾಂಬಾ #ಇಂಡಿ #ಮಡಿಲು #ಹೆಣ್ಣಾಳು